ಕಾವಲು ನಾಯಿಯ ಕುಂಟು ಮತ್ತು ಮೂಳೆ ಕ್ಯಾನ್ಸರ್

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮಾವಿನ ತೋಪುಗಳಲ್ಲೂ, ಕೋಲಾರ, ಮಾಲೂರು ಸುತ್ತಿನ ಕೋಳಿ ಫಾರಂ, ತೋಟದ ಮನೆಗಳಲ್ಲೂ ಕಾವಲಿಗೆಂದು ಜರ್ಮನ್ ಷೆಪರ್ಡ್, ಡಾಬರ್‌ಮನ್, ರಾಟ್‌ವೀಲರ್‌ನಂಥ ದೊಡ್ಡ ಜಾತಿಯ ನಾಯಿಗಳನ್ನು ಸಾಕುವುದುಂಟು. ಇಂಥ ನಾಯಿ ಕುಂಟತೊಡಗಿದರೆ ಮುಳ್ಳು ಚುಚ್ಚಿರಬೇಕು, ಉಳುಕಿರಬೇಕು ಎಂದು ಎಣ್ಣೆ ತಿಕ್ಕಿ ಸುಮ್ಮನಾಗುವುದು ವಾಡಿಕೆ. ಬಹುಪಾಲು ಕುಂಟು ವಾಸಿಯಾಗುವುದೂ ನಿಜ. ಆದರೆ ಎರಡು ವಾರವಾದರೂ ಹೋಗದೆ ಹೆಚ್ಚುತ್ತಿದ್ದು, ಮೂಳೆಯ ಮೇಲೆಯೇ ಗಟ್ಟಿ ಊತ ಕಂಡುಬಂದರೆ ಮೂಳೆ ಕ್ಯಾನ್ಸರ್ ಇರಬಹುದೆಂದು ಶಂಕಿಸಬೇಕು.

ಆಸ್ಟಿಯೋಸಾರ್ಕೋಮ ಎಂಬ ಈ ರೋಗ ಹೆಚ್ಚಾಗಿ ಏಳೆಂಟು ವರ್ಷದ ನಾಯಿಗಳಿಗೆ ಬರುತ್ತದೆ. ಒಂದೆರಡು ವರ್ಷದವುಗಳಿಗೂ ಬರುವುದುಂಟು. ಮುಂಗಾಲಿನಲ್ಲಿ ಭುಜದ ಬಳಿ ಅಥವಾ ಮಣಿಕಟ್ಟಿನ ಮೇಲೆ, ಹಿಂಗಾಲಿನಲ್ಲಿ ಮಂಡಿಯ ಆಸುಪಾಸಿನಲ್ಲಿ ಗೆಡ್ಡೆ ಬೆಳೆಯುತ್ತದೆ. ಒಳಗಿನ ಮೂಳೆ ಸವೆದಿರುವುದರಿಂದ ಸಣ್ಣ ನೆಗೆತಕ್ಕೂ ಕಾಲು ಮುರಿಯಬಹುದು. ಆದ್ದರಿಂದ ತಿಕ್ಕುವುದು, ಬರೆ ಹಾಕುವುದು ಬರಿಯ ಹಿಂಸೆ. ಇದು ಅಂಟುರೋಗವಲ್ಲ; ಮನೆಯ ಮಕ್ಕಳಿಗಾಗಲಿ ದನಕರುಗಳಿಗಾಗಲಿ ತಗಲದು.

ಮೊದಲು ತಾಲ್ಲೂಕು ಪಶು ಆಸ್ಪತ್ರೆಗೆ ತೋರಿಸಬೇಕು. ಉಣ್ಣೆಯಿಂದ ಬರುವ ಜ್ವರದಲ್ಲೂ ನಾಯಿ ಕುಂಟುವುದರಿಂದ ರಕ್ತಪರೀಕ್ಷೆ ಅಗತ್ಯ. ಕಾಲಿನ ಎಕ್ಸ್‌ರೇಯನ್ನು ಎರಡು ದಿಕ್ಕಿನಿಂದ ತೆಗೆಸಬೇಕು. ಮೂಳೆ ಒಂದೆಡೆ ಹುಳು ತಿಂದಂತೆ ಸವೆದು, ಇನ್ನೊಂದೆಡೆ ಅಡ್ಡಾದಿಡ್ಡಿ ಬೆಳೆದಿದ್ದರೆ ಅನುಮಾನ ಬಲವಾಗುತ್ತದೆ. ಸೂಜಿಯಿಂದ ಅಥವಾ ಚೂರು ತೆಗೆದು ಮಾಡುವ ಜೀವಕೋಶ ಪರೀಕ್ಷೆಯಿಂದ ಖಚಿತವಾಗುತ್ತದೆ. ಎದೆಯ ಎಕ್ಸ್‌ರೇಯನ್ನೂ ಬಿಡಬಾರದು, ಈ ರೋಗ ಹರಡುವುದು ಮುಖ್ಯವಾಗಿ ಶ್ವಾಸಕೋಶಕ್ಕೆ. ಹೆಚ್ಚಿನ ಪರೀಕ್ಷೆಗೆ 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳ ಪಶುವೈದ್ಯಕೀಯ ಕಾಲೇಜೇ ಈ ಭಾಗದವರಿಗೆ ಹತ್ತಿರ.

ಚಿಕಿತ್ಸೆಯೆಂದರೆ ಕಾಲನ್ನೇ ತೆಗೆಯುವುದು. ಇದನ್ನು ಕೇಳಿ ಅನೇಕರು ಹಿಂಜರಿಯುತ್ತಾರೆ. ಆದರೆ ಉಳಿದ ಮೂರು ಕಾಲು ಗಟ್ಟಿಯಿದ್ದರೆ ನಾಯಿ ಕೆಲವೇ ದಿನಗಳಲ್ಲಿ ಓಡಾಡುತ್ತದೆ, ನೋವೂ ಹೋಗುತ್ತದೆ. ಕಾಲು ತೆಗೆಯುವ ವೇಳೆಗೆ ರೋಗದ ಸೂಕ್ಷ್ಮ ಕಣಗಳು ಬಹುತೇಕ ಶ್ವಾಸಕೋಶ ಸೇರಿರುತ್ತವೆ. ಹೀಗಾಗಿ ಶಸ್ತ್ರಚಿಕಿತ್ಸೆ ಮಾತ್ರ ಮಾಡಿಸಿದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು, ಜೊತೆಗೆ ಮೂರು ವಾರಕ್ಕೊಮ್ಮೆಯಂತೆ 4ರಿಂದ 6 ಬಾರಿ ಕಾರ್ಬೋಪ್ಲಾಟಿನ್ ಕೊಡಿಸಿದರೆ ಹತ್ತು-ಹನ್ನೆರಡು ತಿಂಗಳು ಬದುಕುತ್ತದೆ. ಪೂರ್ತಿ ಗುಣ ಅಪರೂಪವೆಂಬುದನ್ನು ಖರ್ಚಿಗೆ ಇಳಿಯುವ ಮೊದಲೇ ತಿಳಿದಿರಬೇಕು. ಔಷಧಿ ಕೊಡಿಸಿದ ನಂತರ ಕೆಲವು ದಿನ ಮಲಮೂತ್ರವನ್ನು ಕೈಚೀಲ ಹಾಕಿಕೊಂಡೇ ತೆಗೆಯಬೇಕು.

ಕಾಲು ತೆಗೆಸಲು ಆಗದಿದ್ದರೆ ವೈದ್ಯರು ಬರೆದ ನೋವಿನ ಔಷಧಿ ಕೊಟ್ಟು, ಓಡಲು ಬಿಡದೆ ಮೆತ್ತನೆಯ ಜಾಗದಲ್ಲಿ ಮಲಗಿಸಬೇಕು. ಮನುಷ್ಯರ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಅಂಗಡಿಯಿಂದ ತಂದು ಹಾಕಬಾರದು, ಅವು ನಾಯಿಗೆ ವಿಷವಾಗಬಲ್ಲವು. ನೋವು ಹತೋಟಿಗೆ ಬಾರದೆ ನಾಯಿ ಮೇವು ಬಿಟ್ಟರೆ, ಅಥವಾ ಮೂಳೆ ಮುರಿದರೆ, ದಯಾಮರಣದ ವಿಷಯವನ್ನು ವೈದ್ಯರೊಡನೆ ಮಾತನಾಡುವುದು ಲೇಸು.