ಹರಿವಿನ ತಂತ್ರಾಂಶ: ಬಳಕೆದಾರರನ್ನು ಏನು ಕೇಳಬೇಕು?

ಹರಿಯುವ ನೀರಿನಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕೋಲಿನ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳು ಸರದಿಯಲ್ಲಿ ಕಳಚಿಕೊಂಡು ಸಾಗುತ್ತವೆ. ಈ ದೃಶ್ಯವನ್ನು ಗಣಕದಲ್ಲಿ ಪಡೆಯಲು ಇಂದು ಹಲವು ತಂತ್ರಾಂಶಗಳಿವೆ. 2004ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಓಪನ್‌ಫೋಮ್ ಅವುಗಳಲ್ಲಿ ಒಂದು.

ಆದರೆ ಇಂಥ ತಂತ್ರಾಂಶವನ್ನು ಮೊದಲ ಸಲ ತೆರೆದ ವಿದ್ಯಾರ್ಥಿಯ ಮುಂದೆ ಪ್ರಶ್ನೆಗಳ ಸಾಲೇ ನಿಲ್ಲುತ್ತದೆ. ಕಾಲಹೆಜ್ಜೆ ಎಷ್ಟು? ಜಾಲದ ಕೋಶ ಎಷ್ಟು ಚಿಕ್ಕದು? ಗಣನೆಯ ವಿಧಾನ ಯಾವುದು? ವಿದ್ಯಾರ್ಥಿಗೆ ಗೊತ್ತಿರುವುದು ಕೋಲಿನ ದಪ್ಪ ಮತ್ತು ನೀರಿನ ವೇಗ ಮಾತ್ರ. ಈ ಎರಡರಿಂದ ಉಳಿದ ಆಯ್ಕೆಗಳನ್ನು ತಂತ್ರಾಂಶವೇ ಸೂಚಿಸಲಾರದೇ? ಬಹುಮಟ್ಟಿಗೆ ಸಾಧ್ಯ. ಹೇಗೆಂದು ನೋಡೋಣ.

ಕಾಲಹೆಜ್ಜೆಯ ಮಿತಿ

ಗಣಕವು ಹರಿವಿನ ಜಾಗವನ್ನು ಸಣ್ಣ ಕೋಶಗಳಾಗಿಯೂ ಕಾಲವನ್ನು ಸಣ್ಣ ಹೆಜ್ಜೆಗಳಾಗಿಯೂ ವಿಭಜಿಸುತ್ತದೆ. ಒಂದು ಹೆಜ್ಜೆಯಲ್ಲಿ ನೀರು ಎಷ್ಟು ಕೋಶಗಳನ್ನು ದಾಟುತ್ತದೆ ಎಂಬುದೇ ಕೂರಾಂಟ್ ಸಂಖ್ಯೆ. ವೇಗವನ್ನು ಕಾಲಹೆಜ್ಜೆಯಿಂದ ಗುಣಿಸಿ, ಕೋಶದ ಅಗಲದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಕೂರಾಂಟ್, ಫ್ರೀಡ್ರಿಕ್ಸ್ ಮತ್ತು ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲಿ ಇಂಥ ಮಿತಿಯ ಅಗತ್ಯವನ್ನು ತೋರಿಸಿದರು. ಸರಳ ವಿಧಾನಗಳಲ್ಲಿ ಈ ಸಂಖ್ಯೆ 1ನ್ನು ಮೀರಿದರೆ ಉತ್ತರಗಳು ಲಂಗುಲಗಾಮಿಲ್ಲದೆ ಬೆಳೆದು ಗಣನೆಯೇ ಕುಸಿಯುತ್ತದೆ. ಬೇರೆ ಕೆಲವು ವಿಧಾನಗಳಲ್ಲಿ ಕುಸಿಯದಿದ್ದರೂ ನಿಖರತೆ ಕಡಿಮೆಯಾಗುತ್ತದೆ.

ಉದಾಹರಣೆಗೆ, ಕೋಲಿನ ವ್ಯಾಸ 20 ಮಿ.ಮೀ., ನೀರಿನ ವೇಗ ಸೆಕೆಂಡಿಗೆ 100 ಮಿ.ಮೀ., ಕೋಶದ ಅಗಲ 1 ಮಿ.ಮೀ. ಇರಲಿ. ಆಗ ಕಾಲಹೆಜ್ಜೆ 0.01 ಸೆಕೆಂಡನ್ನು ಮೀರಬಾರದು. ಕೋಲಿನ ಪಕ್ಕದಲ್ಲಿ ನೀರು ಇನ್ನೂ ವೇಗವಾಗಿ ಹರಿಯುವುದರಿಂದ ಇದರ ಅರ್ಧದಷ್ಟು ಇಟ್ಟುಕೊಳ್ಳುವುದು ಕ್ಷೇಮ. ಈ ಲೆಕ್ಕವನ್ನು ಬಳಕೆದಾರರೇ ಮಾಡಬೇಕಿಲ್ಲ. ಓಪನ್‌ಫೋಮ್‌ನ ಹಲವು ಗಣನ ಕ್ರಮವಿಧಿಗಳಲ್ಲಿ ಗರಿಷ್ಠ ಕೂರಾಂಟ್ ಸಂಖ್ಯೆಯನ್ನು ಕೊಟ್ಟರೆ ಸಾಕು. ಹರಿವು ಬದಲಾದಂತೆ ಕಾಲಹೆಜ್ಜೆ ತಾನೇ ಹೊಂದಿಕೊಳ್ಳುತ್ತದೆ.

ಅಂದವಾದ ತಪ್ಪು ಚಿತ್ರ

ಗಣನೆ ಕುಸಿದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಕುಸಿಯದೆ ತಪ್ಪು ಉತ್ತರ ಬಂದಾಗಲೇ ಹೆಚ್ಚಿನ ಅಪಾಯ. ವೇಗ ಮತ್ತು ವ್ಯಾಸಗಳ ಗುಣಲಬ್ಧವನ್ನು ಪ್ರವಾಹಿಯ ಚಲನ ಸ್ನಿಗ್ಧತೆಯಿಂದ ಭಾಗಿಸಿದಾಗ ಬರುವುದು ರೆನಾಲ್ಡ್ಸ್ ಸಂಖ್ಯೆ. ಗಾಜಿನ ಕೊಳವೆಯಲ್ಲಿ ಬಣ್ಣದ ನೀರು ಹರಿಸಿ ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಇದರ ಮಹತ್ವ ತಿಳಿಯಿತು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಚಲನ ಸ್ನಿಗ್ಧತೆ ಸೆಕೆಂಡಿಗೆ ಸುಮಾರು 1 ಚದರ ಮಿ.ಮೀ. ಆದ್ದರಿಂದ ನಮ್ಮ ಕೋಲಿಗೆ ರೆನಾಲ್ಡ್ಸ್ ಸಂಖ್ಯೆ 2000. ಈ ಸಂಖ್ಯೆ ಸುಮಾರು 47ನ್ನು ದಾಟಿದರೆ ಸುಳಿಗಳು ಸರದಿಯಲ್ಲಿ ಕಳಚತೊಡಗುತ್ತವೆ. ಹಾಗಾದರೆ ಸುಳಿಗಳು ಕಾಣಲೇಬೇಕು.

ಈಗ ಬಳಕೆದಾರರು ಅತ್ಯಂತ ಸರಳವಾದ, ಎಂದರೆ ಮೇಲ್ಹರಿವಿನ ಕೋಶದ ಬೆಲೆಯನ್ನು ಮಾತ್ರ ಬಳಸುವ ವಿಧಾನವನ್ನು ಆರಿಸಿದರೆನ್ನಿ. ಇದು ಹರಿವಿಗೆ ಇಲ್ಲದ ಸ್ನಿಗ್ಧತೆಯನ್ನು ಸೇರಿಸುತ್ತದೆ. ಕಾಲಹೆಜ್ಜೆ ಬಹಳ ಚಿಕ್ಕದಿದ್ದಾಗ ಅದರ ಅಂದಾಜು ಬೆಲೆ ವೇಗ ಮತ್ತು ಕೋಶದ ಅಗಲಗಳ ಗುಣಲಬ್ಧದ ಅರ್ಧ, ಎಂದರೆ ಇಲ್ಲಿ 50. ನಿಜವಾದ 1ನ್ನು ಕೂಡಿಸಿದರೆ 51. ಗಣಕ ಕಂಡ ರೆನಾಲ್ಡ್ಸ್ ಸಂಖ್ಯೆ 2000 ಅಲ್ಲ, ಸುಮಾರು 39! ನೀರು ಅಡುಗೆ ಎಣ್ಣೆಯಂತೆ ವರ್ತಿಸುತ್ತದೆ. ಸುಳಿಗಳು ಕಳಚದೆ ಕೋಲಿನ ಹಿಂದೆಯೇ ಶಾಂತವಾಗಿ ನಿಲ್ಲಬಹುದು. ಚಿತ್ರ ಅಂದವಾಗಿದೆ, ಭೌತವಿಜ್ಞಾನ ತಪ್ಪಾಗಿದೆ. ಸೇತುವೆಯ ಕಂಬದ ಮೇಲೆ ಬೀಳುವ ಬಲವನ್ನು ಹೀಗೆ ಲೆಕ್ಕ ಹಾಕಿದರೆ ಪರಿಣಾಮವೇನೆಂದು ನೀವೇ ಊಹಿಸಿ.

ಸುಲಭವೂ ಸರಿಯೂ ಆಗಬೇಕಾದರೆ

ಒಳ್ಳೆಯ ತಂತ್ರಾಂಶ ಮೂರು ನಿಯಮಗಳನ್ನು ಪಾಲಿಸಬೇಕು.

ಮೊದಲನೆಯದು, ಬಳಕೆದಾರರಿಗೆ ತಿಳಿದಿರುವುದನ್ನೇ ಕೇಳಬೇಕು: ಯಾವ ಪ್ರವಾಹಿ, ಎಷ್ಟು ವೇಗ, ಎಷ್ಟು ಗಾತ್ರ, ಬೇಕಾದ ಉತ್ತರ ಯಾವುದು. ಕೋಶದ ಅಗಲವನ್ನು ಮಿ.ಮೀ.ನಲ್ಲಿ ಕೇಳುವ ಬದಲು ‘ವ್ಯಾಸಕ್ಕೆ ಎಷ್ಟು ಕೋಶಗಳು’ ಎಂದು ಕೇಳುವುದು ಮೇಲು.

ಎರಡನೆಯದು, ಎಚ್ಚರಿಕೆಯನ್ನು ಭೌತಿಕ ಅರ್ಥದಲ್ಲಿ ಹೇಳಬೇಕು. ‘ಗಣನೆ ವಿಫಲ’ ಎಂದರೆ ಏನೂ ತಿಳಿಯದು. ‘ಒಂದು ಹೆಜ್ಜೆಯಲ್ಲಿ ನೀರು 3 ಕೋಶ ದಾಟುತ್ತಿದೆ, ಹೆಜ್ಜೆಯನ್ನು ಮೂರನೇ ಒಂದಕ್ಕಿಂತ ಕಡಿಮೆ ಮಾಡಿ’ ಎಂದರೆ ಕಾರಣವೂ ಪರಿಹಾರವೂ ಒಟ್ಟಿಗೆ ತಿಳಿಯುತ್ತವೆ.

ಮೂರನೆಯದು, ತಾನು ಆರಿಸಿದ ಬೆಲೆಗಳನ್ನು ಮರೆಮಾಡದೆ ತೋರಿಸಬೇಕು. ಜೊತೆಗೆ ವೆಚ್ಚವನ್ನೂ ತಿಳಿಸಬೇಕು. ಮೂರು ಆಯಾಮಗಳಲ್ಲಿ ಕೋಶದ ಅಗಲವನ್ನು ಅರ್ಧ ಮಾಡಿದರೆ ಕೋಶಗಳು 8 ಪಟ್ಟು, ಕಾಲಹೆಜ್ಜೆಗಳು 2 ಪಟ್ಟು. ಗಣನೆಯ ಕೆಲಸ ಒಟ್ಟು ಸುಮಾರು 16 ಪಟ್ಟು.

ಆದರೂ ಕೊನೆಯ ಪರೀಕ್ಷೆ ಬಳಕೆದಾರರದೇ. ಕೋಶಗಳನ್ನು ಚಿಕ್ಕದು ಮಾಡಿ ಗಣನೆಯನ್ನು ಮತ್ತೆ ನಡೆಸಿ. ಉತ್ತರ ಗಮನಾರ್ಹವಾಗಿ ಬದಲಾದರೆ ಮೊದಲಿನದನ್ನು ನಂಬಬೇಡಿ. ಇನ್ನೊಂದು ತಾಳೆಯೂ ಇದೆ. ಇಂಥ ಹರಿವಿನಲ್ಲಿ ಸುಳಿಗಳ ಆವರ್ತಾಂಕವು ವೇಗವನ್ನು ವ್ಯಾಸದಿಂದ ಭಾಗಿಸಿದ ಬೆಲೆಯ ಸುಮಾರು 0.2 ಪಟ್ಟು. ನಮ್ಮ ಕೋಲಿಗೆ ಇದು ಸೆಕೆಂಡಿಗೆ ಸುಮಾರು 1: ಪ್ರತಿ ಸೆಕೆಂಡಿಗೆ ಎಡಕ್ಕೊಂದು, ಬಲಕ್ಕೊಂದು ಸುಳಿ. ಶಿಕ್ಷಕರು ತರಗತಿಯಲ್ಲಿ ಈ ಸಂಖ್ಯೆಯನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿಸಲಿ, ಗಣಕವನ್ನು ಆಮೇಲೆ ತೆರೆಸಲಿ.