ಪಾಣಿಪತ್ ನೋಡಿ ಕಾಶಿಗೆ ಹೋದ ನಾಲ್ವರು

ಅಕ್ಕಲಕೋಟೆ: ನಮ್ಮ ಕಡೆ ಯಾವ ಕೆಲಸ ಕೆಟ್ಟರೂ 'ಪಾಣಿಪತ್ ಆತು' ಅನ್ನುವುದು ರೂಢಿ. ಮರಾಠಿಯಿಂದ ಬಂದ ಈ ಮಾತು ಕನ್ನಡ ಮನೆಗಳಲ್ಲೂ ಬೇರೂರಿದೆ. ಅಕಾಲಿಕ ಮಳೆಗೆ ದ್ರಾಕ್ಷಿ ಉದುರಿದರೆ ಪಾಣಿಪತ್, ಮಗ ಗಣಿತದಲ್ಲಿ ನಪಾಸಾದರೂ ಪಾಣಿಪತ್. ಆದರೆ ಆ ಊರನ್ನು ಕಣ್ಣಾರೆ ಕಂಡವರು ಈ ಭಾಗದಲ್ಲಿ ಕಡಿಮೆ. 2024ರ ದೀಪಾವಳಿ ಮುಗಿದ ಮೇಲೆ ಉತ್ತರ ಭಾರತಕ್ಕೆ ಹೊರಟ ನಾವು ನಾಲ್ವರು ಗೆಳೆಯರು ದೆಹಲಿ, ಕಾಶಿಯ ಜೊತೆಗೆ ಪಾಣಿಪತ್ತನ್ನೂ ಪಟ್ಟಿಗೆ ಸೇರಿಸಿದ್ದೆವು.

ನಾಲ್ವರೆಂದರೆ ಜತ್ತ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ, ಗಡಿಯ ಕನ್ನಡ ಶಾಲೆಯ ಮಾಸ್ತರ, ಸೋಲಾಪುರದಲ್ಲಿ ಎಂಟು ಮಗ್ಗದ ಚಾದರ ಕಾರಖಾನೆ ನಡೆಸುವ ಗೆಳೆಯ ಮತ್ತು ನಾನು. ತಲಾ 12 ಸಾವಿರದಂತೆ 48 ಸಾವಿರ ರೂಪಾಯಿ ಒಂದೇ ಚೀಲಕ್ಕೆ ಹಾಕಿದೆವು. ಬಿ.ಕಾಂ. ಓದಿದ್ದೇನೆ ಎಂಬ ಒಂದೇ ಕಾರಣಕ್ಕೆ ಚೀಲ ಮತ್ತು ಹಿಸಾಬಿನ ವಹಿ ಎರಡೂ ನನ್ನ ಕೊರಳಿಗೆ ಬಿದ್ದವು.

ಸೋಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಮನಮಾಡ, ಭುಸಾವಳ, ಇಟಾರ್ಸಿ, ಭೋಪಾಲ, ಝಾನ್ಸಿ, ಆಗ್ರಾ ದಾಟಿ ದೆಹಲಿ. ಒಂದು ಹಗಲು, ಒಂದು ರಾತ್ರಿಯ ದಾರಿ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ನಾವು ಕನ್ನಡ ಮಾತಾಡುವುದನ್ನು ಕೇಳಿ ಎದುರಿನ ಸೀಟಿನವರು 'ಮದ್ರಾಸಿ ಹೋ?' ಎಂದರು. ಮಹಾರಾಷ್ಟ್ರದವರು ಎಂದಾಗ ಅವರಿಗೆ ಇನ್ನಷ್ಟು ಗೊಂದಲ. ಮಹಾರಾಷ್ಟ್ರದಲ್ಲಿದ್ದು ಮನೆಯಲ್ಲಿ ಕನ್ನಡ ಆಡುವವರೂ ಇದ್ದಾರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಇಟಾರ್ಸಿ ಬಂದಿತ್ತು. ಮಾಸ್ತರರಂತೂ ಪಾಠ ಮಾಡಿದಂತೆ ಸೀಟಿನ ಮೇಲೆ ಬೆರಳಿನಿಂದ ನಕಾಶೆ ಬರೆದು ತೋರಿಸಿದರು.

ದೆಹಲಿಯಲ್ಲಿ ಆಗ ಹೊಗೆ. ಕೆಂಪು ಕೋಟೆಯೂ ಮಬ್ಬು ಮಬ್ಬು. ಒಂದೇ ದಿನ ಇದ್ದು ಮರುದಿನ ರೈಲು ಹಿಡಿದು ಪಾಣಿಪತ್ತಿಗೆ ಹೋದೆವು. ಸುಮಾರು 90 ಕಿ.ಮೀ. ದೂರ.

1761ರ ಜನವರಿ 14ರಂದು ಅಹಮದ್ ಶಾ ಅಬ್ದಾಲಿಯ ಸೈನ್ಯಕ್ಕೂ ಸದಾಶಿವರಾವ್ ಭಾವೂನ ಮರಾಠಾ ಸೈನ್ಯಕ್ಕೂ ಕಾಳಗ ನಡೆದ ಜಾಗ ಕಾಲಾ ಆಮ್. ಪಟ್ಟಣದಿಂದ ಕೆಲವು ಕಿ.ಮೀ. ಆಚೆ ಇದೆ. ರಕ್ತ ಬಿದ್ದು ಮಾವಿನ ಗಿಡವೇ ಕಪ್ಪಾಯಿತು ಎಂದು ಜನ ಹೇಳುತ್ತಾರೆ. ಆ ಗಿಡ ಈಗಿಲ್ಲ, ಇಟ್ಟಿಗೆಯ ಒಂದು ಸ್ತಂಭವಿದೆ. ಭಾವೂನ ಮತ್ತು ಪೇಶ್ವೆಯ ಮಗ ವಿಶ್ವಾಸರಾವನ ಕಥೆ ಮರಾಠಿ ಶಾಲೆಯಲ್ಲಿ ಓದಿದ ನನಗೆ ಬಾಯಿಪಾಠ. ಮರಾಠರ ತೋಪುಗಳನ್ನು ನಡೆಸಿ ಅಲ್ಲೇ ಪ್ರಾಣ ಬಿಟ್ಟವನು ಇಬ್ರಾಹಿಂ ಖಾನ್ ಗಾರ್ದಿ ಎಂಬುದನ್ನು ಮಾಸ್ತರರು ನೆನಪಿಸಿದರು. ಹರಿಯಾಣದ ರೋಡ್ ಸಮಾಜದವರಲ್ಲಿ ಅನೇಕರು ತಾವು ಆ ಕಾಳಗದಲ್ಲಿ ಉಳಿದ ಮರಾಠರ ಸಂತತಿ ಎಂದು ಹೇಳಿಕೊಳ್ಳುತ್ತಾರೆ. ಚಹಾ ಅಂಗಡಿಯವ ನಾವು ಮಹಾರಾಷ್ಟ್ರದವರೆಂದು ತಿಳಿದು ದುಡ್ಡು ತೆಗೆದುಕೊಳ್ಳಲಿಲ್ಲ. ವಹಿಯಲ್ಲಿ ಆ ಸಾಲು ಸೊನ್ನೆ.

ಆದರೆ ಮಗ್ಗದ ಗೆಳೆಯನಿಗೆ ಕಾಳಗದ ಮೈದಾನಕ್ಕಿಂತ ಪೇಟೆಯೇ ಮುಖ್ಯವಾಗಿತ್ತು. ಪಾಣಿಪತ್ ಕಂಬಳಿ, ಜಮಖಾನೆಗಳ ದೊಡ್ಡ ಊರು. ವಿದೇಶದಲ್ಲಿ ಉಟ್ಟು ಬಿಟ್ಟ ಹಳೆ ಕೋಟು, ಸ್ವೆಟರುಗಳು ಇಲ್ಲಿಗೆ ಗಂಟು ಗಂಟಾಗಿ ಬರುತ್ತವೆ. ಹೆಂಗಸರು ಗುಂಡಿ, ಜಿಪ್ ಕಿತ್ತು ಬಣ್ಣದ ಪ್ರಕಾರ ಬೇರೆ ಬೇರೆ ರಾಶಿ ಹಾಕುತ್ತಾರೆ. ಕೆಂಪಿನ ರಾಶಿ ಚಿಂದಿಯಾಗಿ, ಹಿಂಜಿ, ಕೆಂಪು ನೂಲೇ ಆಗುತ್ತದೆ, ಮತ್ತೆ ಬಣ್ಣ ಹಾಕುವ ಖರ್ಚಿಲ್ಲ. ಇದರ ಜೊತೆಗೆ ಪಾಲಿಯೆಸ್ಟರ್ ಕಂಬಳಿಗಳ ಕಾರಖಾನೆಗಳೂ ಇವೆ. ಗೆಳೆಯ ಒಂದು ಅಂಗಡಿಯಲ್ಲಿ ಅಂಥ ಕಂಬಳಿಯ ಮೇಲೆ ಕೈಯಾಡಿಸಿ, ಬೆಲೆ ಕೇಳಿ, ಸುಮ್ಮನೆ ಹೊರಗೆ ಬಂದ.

'ಎಷ್ಟ ಮೆತ್ತಗ ಐತಿ ನೋಡಲೇ. ಇದರ ಮುಂದ ನಮ್ಮ ಹತ್ತಿ ಚಾದರ ಯಾರ ತಗೋತಾರ?' ಎಂದ. ಜಿಐ ಮಾನ್ಯತೆ ಪಡೆದ ಸೋಲಾಪುರಿ ಚಾದರ ವರ್ಷಗಟ್ಟಲೆ ಒಗೆದರೂ ಬಾಳುತ್ತದೆ ಎಂದು ನಾವು ಸಮಾಧಾನ ಹೇಳಿದೆವು. 'ಬಾಳತೈತಿ ಅಂತನ ಜನ ಹೊಸಾದ ತಗೊಳ್ಳೂದಿಲ್ಲ' ಎಂದು ನಕ್ಕ. ಅದೇ ಹೊತ್ತಿಗೆ ಅವನಿಗೊಂದು ಫೋನು ಬಂತು. ಆಚೆ ಹೋಗಿ ಬಹಳ ಹೊತ್ತು ಮಾತಾಡಿದ. ನೂಲಿನ ಬಾಕಿಗೆ ಕೈಯಲ್ಲಿದ್ದ ಹಣವನ್ನೆಲ್ಲ ಅಲ್ಲಿಂದಲೇ ಕಳಿಸಿದನೆಂದು ನಮಗೆ ಆಗ ಗೊತ್ತಾಗಲಿಲ್ಲ.

ದೆಹಲಿಗೆ ಮರಳಿ ಶಿವಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಕಾಶಿಗೆ ಹೋದೆವು. ಗೊದೌಲಿಯಾ ಚೌಕದ ಹತ್ತಿರ ಇರುವ ಜಂಗಮವಾಡಿ ಮಠ ವೀರಶೈವ ಪಂಚಪೀಠಗಳಲ್ಲಿ ಒಂದು. ಮೊಗಲ್ ಬಾದಶಹರ ಫರ್ಮಾನುಗಳು ಇಲ್ಲಿ ಈಗಲೂ ಇವೆ. ಬಾಗಿಲು ದಾಟಿದ ಕೂಡಲೇ 'ಯಾವೂರ್‍ರೀ?' ಎಂದು ಕನ್ನಡ ಕೇಳಿತು. ಐದು ದಿನದ ಮೇಲೆ ಪರರ ಬಾಯಲ್ಲಿ ಕೇಳಿದ ಮೊದಲ ಕನ್ನಡ ಅದು.

ಈ ಮಠದಲ್ಲಿ ತೀರಿಹೋದವರ ಹೆಸರಿನಲ್ಲಿ ಕಲ್ಲಿನ ಶಿವಲಿಂಗ ಇಡುವ ಪದ್ಧತಿ ಇದೆ. ಎಲ್ಲಿ ನೋಡಿದರೂ ಸಾಲು ಸಾಲು ಸಣ್ಣ ಲಿಂಗಗಳು. ಮಗ್ಗದ ಗೆಳೆಯ ಬಂದದ್ದೇ ಇದಕ್ಕಾಗಿ. 2021ರ ಕೊರೊನಾ ಎರಡನೇ ಅಲೆಯಲ್ಲಿ ಅವನ ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಲಿಂಗಾಯತ ಮನೆತನದ ಹಿರಿಯರನ್ನು ಕುಳ್ಳಿರಿಸಿ ಮಣ್ಣು ಕೊಡಬೇಕು. ಶವ ಮನೆಗೆ ಬರಲಿಲ್ಲ, ದಹನವಾಯಿತು. ಮುಖವನ್ನೂ ನೋಡಲಿಲ್ಲ ಎಂದು ಅವನ ತಾಯಿ ಈಗಲೂ ಅಳುತ್ತಾರೆ.

ಲಿಂಗಕ್ಕೆ ಹಣ ಸಾಲದೆ ಅವನು ಚೀಲದಿಂದ ಕೇಳಿದ. ನಾನು ವಹಿ ತೆಗೆದು, 'ಇದು ನಿನ್ನ ಸ್ವಂತ ಖರ್ಚು, ನಾಲ್ವರ ಹಿಸಾಬಿಗೆ ಬರೂದಿಲ್ಲ' ಎಂದುಬಿಟ್ಟೆ. ಬಾಕಿ ಕಟ್ಟಿ ಕೈ ಖಾಲಿಯಾದದ್ದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಹಾಗೆ ಅನ್ನುತ್ತಿರಲಿಲ್ಲ ಎಂದು ಖಾತ್ರಿಯಾಗಿ ಹೇಳಲಾರೆ. ವಹಿ ಹಿಡಿದವನ ಬುದ್ಧಿ ಹಾಗೇ. ಅವನು ಮರುಮಾತಾಡದೆ ಮೆಟ್ಟಿಲ ಮೇಲೆ ಕುಳಿತ. ಜತ್ತದ ಗೆಳೆಯ ಫೋನಿನ ವಿಷಯ ತಿಳಿಸಿ, ನನ್ನ ಕೈಯಿಂದ ಚೀಲ ಕಸಿದುಕೊಂಡ. 'ಅವರಪ್ಪ ನೇಯ್ದ ಚಾದರ ಹೊದ್ದುಕೊಂಡ ಬೆಳದೀವಿ ನಾವು. ಊಟಾ ಅಂತ ಬರಕೋ' ಎಂದ.

ಸಂಜೆ ಮಠದವರು 'ಯಾರ ಹೆಸರಲ್ಲಿ ರೀ?' ಎಂದು ಕೇಳಿದಾಗ ಗೆಳೆಯ ತಂದೆಯ ಪೂರ್ತಿ ಹೆಸರು, ಊರು, ಮನೆತನದ ಹೆಸರು ಹೇಳಿದ. ಮನೆಗೆ ವಿಡಿಯೋ ಕಾಲ್ ಹಚ್ಚಿ ತಾಯಿಗೆ ತೋರಿಸಿದ. ಆ ಅಮ್ಮ ಏನೂ ಮಾತಾಡಲಿಲ್ಲ, ಸೆರಗು ಹೊದ್ದು ಕೈ ಮುಗಿದು ಕುಳಿತಿದ್ದರು. ಅವತ್ತು ರಾತ್ರಿ ನಾನು ಅವನ ಹತ್ತಿರ ತಪ್ಪಾಯಿತು ಎಂದೆ. 'ಲೇ, ಹಿಸಾಬ ಅಂದ ಮ್ಯಾಲ ಹಿಸಾಬ' ಎಂದು ಮಗ್ಗುಲಾದ. ಊರಿಗೆ ಬಂದ ವಾರದಲ್ಲಿ ತನ್ನ ಪಾಲಿನ ಹಣ ತಂದಿದ್ದ, ಯಾರೂ ತೆಗೆದುಕೊಳ್ಳಲಿಲ್ಲ.

ಹೋಗುವವರು ಗಮನಿಸಬೇಕಾದದ್ದು ಇಷ್ಟು. ಕಾಶಿಯಲ್ಲಿ ವಾರಾಣಸಿ ಜಂಕ್ಷನ್, ಬನಾರಸ್, ಕಾಶಿ ಎಂದು ಬೇರೆ ಬೇರೆ ನಿಲ್ದಾಣಗಳಿವೆ. ಟಿಕೆಟಿನಲ್ಲಿ ಯಾವುದಿದೆ ನೋಡಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದ ಅಲ್ಲಿಯ ರೈಲುಗಳು ತಾಸುಗಟ್ಟಲೆ ತಡವಾಗುತ್ತವೆ. ಮುಂಗಡ ಟಿಕೆಟಿನ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ ಆಗಿದೆ. ಮರಳಿ ಬರಲು ವಾರಾಣಸಿಯಿಂದ ಮುಂಬಯಿಗೆ ಮಹಾನಗರಿ ಎಕ್ಸ್‌ಪ್ರೆಸ್, ಅಲ್ಲಿಂದ ಸೋಲಾಪುರಕ್ಕೆ ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಅನುಕೂಲ. ಹೊದೆಯಲು ಚಾದರ ಮನೆಯಿಂದಲೇ ಒಯ್ಯಿರಿ.