ತಮಿಳು ಶ್ರೀಕಾರದ ಸಂಕೇತದ್ವಯ

ಇಂದಿನ ತಮಿಳು ಬರವಣಿಗೆಯಲ್ಲಿ ಒತ್ತಕ್ಷರಗಳಿಲ್ಲ. ವ್ಯಂಜನದ ತಲೆಯ ಮೇಲೆ ಪುಳ್ಳಿಯೆಂಬ ಚುಕ್ಕೆಯನ್ನಿಟ್ಟು ಮುಂದಿನ ವ್ಯಂಜನವನ್ನು ಪಕ್ಕದಲ್ಲಿ ಬರೆಯುವುದೇ ಕ್ರಮ. ಇದಕ್ಕೆ ಅಪವಾದವಾಗಿ ಉಳಿದಿರುವ ಸಂಯುಕ್ತಾಕೃತಿಗಳು ಎರಡೇ: ಕ್ಷಕಾರ ಮತ್ತು ಶ್ರೀಕಾರ. ಎರಡೂ ಗ್ರಂಥಲಿಪಿಯ ಸಂಬಂಧದಿಂದ ಬಂದವು. ಇವುಗಳಲ್ಲಿ ಶ್ರೀಕಾರವನ್ನು ಗಣಕಯಂತ್ರದಲ್ಲಿ ಬರೆದಿಡುವುದರಿಂದ ಉಂಟಾಗಿರುವ ಒಂದು ತೊಡಕನ್ನು ಗ್ರಂಥಸಂಪಾದಕರೂ ಸೂಚೀಕಾರರೂ ಅವಶ್ಯವಾಗಿ ಅರಿತಿರಬೇಕು.

ಯಂತ್ರವು ಕಾಪಾಡುವುದು ಅಕ್ಷರದ ಆಕೃತಿಯನ್ನಲ್ಲ, ಅದಕ್ಕೆ ಗೊತ್ತುಮಾಡಿದ ಸಂಖ್ಯೆಯನ್ನು. ಈ ಸಂಖ್ಯೆಗಳನ್ನು ವಿಧಿಸುವ ಯೂನಿಕೋಡ್ ಎಂಬ ವ್ಯವಸ್ಥೆಯು 1991ರಲ್ಲಿ ಮೊದಲು ಪ್ರಕಟವಾಯಿತು. ಅದರಲ್ಲಿ ನಮ್ಮ ಮುಖ್ಯ ಲಿಪಿಗಳಿಗೆ ತಲಾ 128 ಸ್ಥಾನಗಳನ್ನು ಹಂಚಿ, ಸಮಾನವರ್ಣಗಳನ್ನು ಸಮಾನಸ್ಥಾನಗಳಲ್ಲಿಯೇ ಕೂರಿಸಿದರು. ತಮಿಳಿನಲ್ಲಿ ಷಕಾರಕ್ಕೆ 2999, ಸಕಾರಕ್ಕೆ 3000, ಹಕಾರಕ್ಕೆ 3001 ಎಂದು ವರ್ಣಮಾಲೆಯ ಅನುಕ್ರಮವೇ ಅಲ್ಲಿಯೂ ಉಂಟು. ಆದರೆ ಶಕಾರದ್ದಾಗಬೇಕಿದ್ದ 2998ನೆಯ ಸ್ಥಾನವನ್ನು ಬರಿದಾಗಿ ಬಿಟ್ಟರು. ತಮಿಳಿನ ವ್ಯವಹಾರದಲ್ಲಿ ಶಕಾರವು ವಿರಳವೆಂಬುದು ನಿಜ. ಆದರೂ ಆ ನಾಡಿನಲ್ಲಿ ಅಚ್ಚಾದ ಸ್ತೋತ್ರಪುಸ್ತಕಗಳನ್ನು ನೋಡಿದವರಿಗೆ ಇದು ಸಮಾಧಾನವನ್ನು ಕೊಡಲಾರದು.

ಶ್ರೀಕಾರಕ್ಕಾದರೋ ಪ್ರತ್ಯೇಕವಾದ ಸಂಖ್ಯೆಯಿಲ್ಲ. ವರ್ಣಗಳ ಸಂಖ್ಯೆಗಳು ಒಂದು ನಿಯತವಾದ ಕ್ರಮದಲ್ಲಿ ಬಂದಾಗ ಯಂತ್ರದ ಅಕ್ಷರಶೈಲಿಯು ಅವುಗಳ ಸ್ಥಾನದಲ್ಲಿ ಸಂಯುಕ್ತಾಕೃತಿಯನ್ನು ತೋರಿಸುತ್ತದೆ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ವರ್ಣಪಂಕ್ತಿಯು ಸ್ಥಾನಿ, ಆಕೃತಿಯು ಆದೇಶ. ಶಕಾರವೇ ಇಲ್ಲದಿದ್ದುದರಿಂದ ಸಕಾರ, ಪುಳ್ಳಿ, ರೇಫ, ಈಕಾರಚಿಹ್ನೆ, ಎಂದರೆ 3000, 3021, 2992, 3008 ಎಂಬ ಪಂಕ್ತಿಯನ್ನೇ ಸ್ಥಾನಿಯಾಗಿ ಹಿಡಿಯಬೇಕಾಯಿತು. 2005ರಲ್ಲಿ 4.1ನೆಯ ಆವೃತ್ತಿಯು ಶಕಾರವನ್ನು 2998ರಲ್ಲಿ ಸೇರಿಸಿತು. ಅಂದಿನಿಂದ ಪಂಕ್ತಿಯ ಆದಿಯಲ್ಲಿ 2998 ಇರುವುದೇ ಸಾಧು. ಆದರೆ ಹಳೆಯ ಬರಹಗಳು ಹಾಗೆಯೇ ಉಳಿದುವು. ಹಳೆಯ ರೂಢಿಯೂ ನಿಲ್ಲಲಿಲ್ಲ. ಎರಡು ಪಂಕ್ತಿಗಳಿಗೂ ಬರುವ ಆದೇಶವು ಒಂದೇ ಆದುದರಿಂದ ಕಣ್ಣಿಗೆ ಭೇದವೇ ತೋರದು.

ಭೇದವು ಪ್ರಕಟವಾಗುವುದು ಹುಡುಕುವಾಗ. ಶ್ರೀರಂಗವೆಂಬ ಹೆಸರನ್ನು ಒಂದು ಬಗೆಯಲ್ಲಿ ಬರೆದು ಕೇಳಿದರೆ, ಇನ್ನೊಂದು ಬಗೆಯಲ್ಲಿ ಬರೆದ ಗ್ರಂಥಗಳನ್ನು ಯಂತ್ರವು ಕಾಣದೆ ಹೋಗಬಹುದು. ಅಕಾರಾದಿಯಲ್ಲಿ ಶ್ರೀನಿವಾಸನೆಂಬ ಒಂದೇ ನಾಮವು ಎರಡು ಕಡೆ ಹರಿದುಹೋಗಬಹುದು. ಕನ್ನಡಕ್ಕೆ ಲಿಪ್ಯಂತರ ಮಾಡುವವರ ಪಾಡು ಇನ್ನೂ ವಿಚಿತ್ರ. ತಮಿಳಿಗೂ ಕನ್ನಡಕ್ಕೂ ನಡುವೆ ತೆಲುಗು ಮಾತ್ರ ಇರುವುದರಿಂದ ತಮಿಳಿನ ಸಂಖ್ಯೆಗೆ 256ನ್ನು ಕೂಡಿಸಿದರೆ ಅದೇ ವರ್ಣದ ಕನ್ನಡ ಸಂಖ್ಯೆ ದೊರೆಯುತ್ತದೆ. ಈ ಸುಲಭೋಪಾಯದಿಂದ ಹೊಸ ಪಂಕ್ತಿಯು ‘ಶ್ರೀ’ ಎಂದಾದರೆ ಹಳೆಯದು ‘ಸ್ರೀ’ ಎಂದಾಗುತ್ತದೆ! ತಮಿಳಿನಲ್ಲಿ ಅಡಗಿದ್ದ ದೋಷವು ಕನ್ನಡದಲ್ಲಿ ಬಯಲಾಗುವುದು ಹೀಗೆ.

ಭಿನ್ನಪಂಕ್ತಿಗಳನ್ನು ಏಕೀಕರಿಸುವ ನಿಯಮಗಳು ಯೂನಿಕೋಡಿನಲ್ಲಿಯೇ ಇಲ್ಲವೆ ಎಂದು ಕೇಳಬಹುದು. ಇವೆ. ತಮಿಳಿನ ಒಕಾರಚಿಹ್ನೆಯನ್ನು 3018 ಎಂದು ಒಂದಾಗಿ ಬರೆದರೂ, 3014 ಮತ್ತು 3006 ಎಂದು ಎರಡಾಗಿ ಒಡೆದು ಬರೆದರೂ ಆ ನಿಯಮಗಳ ಪ್ರಕಾರ ಸಮಾನವೇ. ಶ್ರೀಕಾರದ ಪಂಕ್ತಿಗಳಿಗೆ ಆ ಸಮಾನತೆಯಿಲ್ಲ. ಶಕಾರಸಕಾರಗಳು ವಸ್ತುತಃ ಬೇರೆ ವರ್ಣಗಳಷ್ಟೆ. ಎರಡನ್ನೂ ಸಮಾನವಾಗಿ ಎಣಿಸುವುದು ಉಚಿತವೆಂದು ಯೂನಿಕೋಡ್ ಗ್ರಂಥವು ಸೂಚಿಸಿದೆ. ಅದನ್ನು ನಡೆಸುವ ಹೊಣೆ ಯಂತ್ರಕ್ರಮಗಳನ್ನು ರಚಿಸುವವರದು.

ಹಾಗಾದರೆ ಹಳೆಯ ಪಂಕ್ತಿಯನ್ನು ಕಂಡಲ್ಲೆಲ್ಲ ಹೊಸದಕ್ಕೆ ತಿರುಗಿಸಿಬಿಡಬಹುದೆ? ಪದಾದಿಯಲ್ಲಿ ನಿಶ್ಶಂಕೆಯಾಗಿ ತಿರುಗಿಸಬಹುದು. ಪದಮಧ್ಯದಲ್ಲಿ ಕೂಡದೆಂದು ನನ್ನ ಅಭಿಪ್ರಾಯ. ‘ಸಹಸ್ರೀಕೃತ’ ಎಂಬ ಚ್ವಿಪ್ರತ್ಯಯಾಂತದಲ್ಲಿ ಸಕಾರವೇ ಸಾಧು. ‘ಮಿಶ್ರೀಕೃತ’ ಎಂಬಲ್ಲಿ ಶಕಾರವೇ ಸಾಧು. ತಮಿಳಿನ ತೆರೆಯ ಮೇಲೆ ಎರಡೂ ಅದೇ ಶ್ರೀಕಾರವಾಗಿ ಕಾಣಬಹುದು. ಇಂತಹ ಪದಗಳನ್ನು ಯಂತ್ರದ ವಶಕ್ಕೆ ಬಿಡದೆ ಸಂಪಾದಕನು ಒಂದೊಂದಾಗಿ ಅರ್ಥವನ್ನು ನೋಡಿ ತಿದ್ದಬೇಕು.